ಮಂಜುಗಡ್ಡೆಗೆ ಒಂದೇ ಯಂಗ್ ಗುಣಾಂಕವೇ?

ಸ್ಥಿತಿಸ್ಥಾಪಕತೆಯ ಪಾಠ ಬಂತೆಂದರೆ ಅದರ ಜೊತೆಗೊಂದು ಕೋಷ್ಟಕ ಇದ್ದೇ ಇರುತ್ತದೆ. ಎಡಕ್ಕೆ ಪದಾರ್ಥಗಳ ಹೆಸರು, ಬಲಕ್ಕೆ ಅವುಗಳ ಯಂಗ್ ಗುಣಾಂಕ. ಪಿಯುಸಿ ಮೊದಲ ವರ್ಷಕ್ಕೆ ನಮ್ಮ ರಾಜ್ಯದಲ್ಲಿ ಬಳಸುತ್ತಿರುವ ಎನ್‌ಸಿಇಆರ್‌ಟಿ ಭೌತವಿಜ್ಞಾನ ಪುಸ್ತಕದಲ್ಲೂ ಇಂಥ ಕೋಷ್ಟಕವಿದೆ. ಗಿಗಾಪಾಸ್ಕಲ್ ಏಕಮಾನದಲ್ಲಿ ಹೇಳುವುದಾದರೆ ಉಕ್ಕಿಗೆ 200, ತಾಮ್ರಕ್ಕೆ 110, ಅಲ್ಯೂಮಿನಿಯಮ್‌ಗೆ 70, ಗಾಜಿಗೆ 65, ಕಾಂಕ್ರೀಟಿಗೆ 30, ಮರಕ್ಕೆ 13. ಈ ಸಂಖ್ಯೆಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ಒಂದು ಭಾವನೆ ಮಾತ್ರ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ: ಪ್ರತಿ ಪದಾರ್ಥಕ್ಕೂ ಒಂದು ಯಂಗ್ ಗುಣಾಂಕ ಉಂಟು, ಅದು ಪುಸ್ತಕದಲ್ಲಿದೆ, ಪ್ರಯೋಗದಲ್ಲಿ ಅದೇ ಬರಬೇಕು.

ಕೋಷ್ಟಕ ಮೂರು ಸಂಗತಿಗಳನ್ನು ಹೇಳದೆ ಬಿಡುತ್ತದೆ. ಈ ಬೆಲೆ ಯಾವ ಉಷ್ಣತೆಯಲ್ಲಿ ಅಳೆದದ್ದು? ಯಾವ ದಿಕ್ಕಿನಲ್ಲಿ ಎಳೆದು ಅಥವಾ ಒತ್ತಿ ಅಳೆದದ್ದು? ಬಲ ಹಾಕಿದ ಎಷ್ಟು ಹೊತ್ತಿನ ಮೇಲೆ ಅಳೆದದ್ದು? ಉಕ್ಕಿನ ತಂತಿಗೆ ಈ ಮೂರನ್ನೂ ಕೇಳದೆ ಹೋದರೂ ನಮ್ಮ ಪ್ರಯೋಗಶಾಲೆಯ ನಿಖರತೆಯ ಮಟ್ಟಿಗೆ ನಷ್ಟವಿಲ್ಲ. ಮರಕ್ಕೆ ಕೇಳದಿದ್ದರೆ ನಷ್ಟವಿದೆ. ಎಳೆಯ ಉದ್ದಕ್ಕೂ ಅಡ್ಡಕ್ಕೂ ಮರದ ಗುಣಾಂಕ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇರೆಯಾಗುತ್ತದೆ ಎಂಬುದು ನಮ್ಮ ಬಡಿಗರಿಗೆ ಗುಣಾಂಕದ ಹೆಸರಿಲ್ಲದೆಯೇ ಗೊತ್ತು. ಮೂರು ಪ್ರಶ್ನೆಗಳನ್ನೂ ಒಟ್ಟಿಗೇ ಕೇಳಲೇಬೇಕಾದ ಪದಾರ್ಥ ಮಂಜುಗಡ್ಡೆ. ಕೈಪಿಡಿಗಳಲ್ಲಿ ಅದರ ಯಂಗ್ ಗುಣಾಂಕ 9 ಗಿಗಾಪಾಸ್ಕಲ್ ಅಥವಾ ಅದರ ಆಸುಪಾಸು ಎಂದಿರುತ್ತದೆ. ಭಾರವಿಟ್ಟು ಅಳೆದವರ ವರದಿಗಳನ್ನು ತೆರೆದರೆ 1ಕ್ಕಿಂತ ಕಡಿಮೆಯಿಂದ 10ರವರೆಗೂ ಬೆಲೆಗಳು ಸಿಗುತ್ತವೆ. ಅವರೆಲ್ಲ ಅಜಾಗರೂಕರಾಗಿದ್ದರು ಎಂದು ತಿಳಿಯಬೇಕಾಗಿಲ್ಲ.

ಈ ವಿಷಯವನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳ ಕಡೆಯಿಂದ ಎತ್ತಿಕೊಳ್ಳುವುದು ಓದುಗರಿಗೆ ವಿಚಿತ್ರವೆನಿಸಬಹುದು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ದಾಟುವುದುಂಟು. ಮಂಜುಗಡ್ಡೆಗೆ ಇಲ್ಲಿನ ಜನ ಹೇಳುವ ಹೆಸರು ಬರ್ಫ. ಅದರ ಪರಿಚಯ ಕಬ್ಬಿನ ಹಾಲಿನ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ. ಆದರೂ ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರರಲ್ಲೊಬ್ಬನಾಗಿ ಹೋಗಿದ್ದಾಗ, ಈ ಎರಡು ತಾಲ್ಲೂಕುಗಳ ವಿದ್ಯಾರ್ಥಿಗಳ ಒಂದು ತಂಡ ಮಂಜುಗಡ್ಡೆಯ ಯಂಗ್ ಗುಣಾಂಕವನ್ನೇ ಅಳೆದು ತಂದಿತ್ತು. ತಗಡಿನ ಅಚ್ಚಿನಲ್ಲಿ ನೀರು ತುಂಬಿ, ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರಿನಲ್ಲಿಟ್ಟು ಪಟ್ಟಿಗಳನ್ನು ಮಾಡಿಕೊಂಡಿದ್ದರು. ಎರಡು ಕತ್ತಿಯಂಚುಗಳ ಮೇಲೆ ಪಟ್ಟಿಯನ್ನಿಟ್ಟು, ನಡುವೆ ಭಾರ ತೂಗಿಸಿ, ನಡುವಿನ ಇಳಿತವನ್ನು ಟ್ರಾವಲಿಂಗ್ ಮೈಕ್ರೋಸ್ಕೋಪಿನಲ್ಲಿ ಎರಡೆರಡು ನಿಮಿಷಕ್ಕೊಮ್ಮೆ ಓದಿದ್ದರು. ಸಿಕ್ಕ ಗುಣಾಂಕ ಕೈಪಿಡಿಯ ಬೆಲೆಯ ಹತ್ತನೇ ಒಂದು ಭಾಗದಷ್ಟು. ಅದನ್ನು ಹಾಗೆಯೇ ಬರೆದಿದ್ದರು.

"ಪುಸ್ತಕದಲ್ಲಿ 9 ಇದೆ, ನಿಮ್ಮದು 1ರ ಹತ್ತಿರ ಬಂದಿದೆ. ಎಲ್ಲಿ ತಪ್ಪಿದಿರಿ?" ಎಂದು ಒಬ್ಬ ತೀರ್ಪುಗಾರರು ಕೇಳಿದರು. ತಂಡದ ಹುಡುಗಿಯೊಬ್ಬಳು, "ಇಟ್ಟಷ್ಟು ಹೊತ್ತು ಬಾಗಕೋತನೇ ಹೋಗ್ತದ್ರಿ ಸರ್" ಎಂದಳು. ಉತ್ತರವನ್ನು ಯಾರೂ ಬರೆದುಕೊಳ್ಳಲಿಲ್ಲ. "ಶೇಕಡಾ 90 ದೋಷ" ಎಂಬ ಷರಾದೊಡನೆ ಅಂಕ ಕಡಿತವಾಯಿತು. ನನ್ನ ಭಿನ್ನಾಭಿಪ್ರಾಯ ಒಂದು ಮತವಾಗಿ ಉಳಿಯಿತು. ಪಕ್ಕದ ಮೇಜಿನಲ್ಲಿ ಹಿತ್ತಾಳೆಯ ಪಟ್ಟಿಗೆ ಪುಸ್ತಕದ ಬೆಲೆಯನ್ನೇ ಎರಡು ದಶಮಾಂಶದವರೆಗೂ ತಂದಿದ್ದ ತಂಡಕ್ಕೆ ಒಳ್ಳೆಯ ಅಂಕ ಬಂತು. ಆ ಬೆಲೆ ಎಲ್ಲಿಂದ ಬಂತೆಂದು ಅಧ್ಯಾಪಕರಾದವರಿಗೆಲ್ಲ ಗೊತ್ತಿರುತ್ತದೆ.

ಮಂಜುಗಡ್ಡೆಯ ತಂಡದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ. ಅದಕ್ಕೆ ಬೇಕಾದ ಸೂತ್ರ ಪಠ್ಯಪುಸ್ತಕದಲ್ಲೇ ಇದೆ. ನಡುವಿನ ಇಳಿತವು ಭಾರಕ್ಕೂ ಆಧಾರಗಳ ನಡುವಿನ ಉದ್ದದ ಘನಕ್ಕೂ ನೇರ ಅನುಪಾತದಲ್ಲಿದೆ. ಅಗಲ, ದಪ್ಪದ ಘನ ಮತ್ತು ಯಂಗ್ ಗುಣಾಂಕಗಳ ಗುಣಲಬ್ಧದ ನಾಲ್ಕರಷ್ಟಕ್ಕೆ ವಿಲೋಮ ಅನುಪಾತದಲ್ಲಿದೆ. ಆಧಾರಗಳ ನಡುವೆ 40 ಸೆಂ.ಮೀ., ಪಟ್ಟಿಯ ಅಗಲ 3 ಸೆಂ.ಮೀ., ದಪ್ಪ 2 ಸೆಂ.ಮೀ., ಭಾರ 1 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಗುಣಾಂಕ 9 ಗಿಗಾಪಾಸ್ಕಲ್ ಆದರೆ ಇಳಿತ ಸುಮಾರು 0.07 ಮಿ.ಮೀ. ಬರುತ್ತದೆ. ಟ್ರಾವಲಿಂಗ್ ಮೈಕ್ರೋಸ್ಕೋಪಿನ ಕನಿಷ್ಠ ಅಳತೆ 0.01 ಮಿ.ಮೀ. ಅಂದರೆ ಅಳೆಯಬೇಕಾದದ್ದು ಉಪಕರಣದ ಏಳು ಗೆರೆಗಳಷ್ಟು ಮಾತ್ರ. ಇಳಿತ ಹೆಚ್ಚಲೆಂದು ಭಾರ ಹೆಚ್ಚಿಸೋಣವೆಂದರೆ, 2 ಕಿ.ಗ್ರಾಂ. ಇಟ್ಟಾಗ ಪಟ್ಟಿಯ ಕೆಳಮೈಯಲ್ಲಿನ ಎಳೆತದ ಪೀಡನ 1 ಮೆಗಾಪಾಸ್ಕಲಿಗೆ ಹತ್ತಿರವಾಗುತ್ತದೆ. ಬಾಗಿಸಿದ ಮಂಜುಗಡ್ಡೆ ಮುರಿಯುವುದೂ ಸುಮಾರು ಈ ಮಟ್ಟದಲ್ಲೇ. ಮೇಲಕ್ಕೂ ದಾರಿಯಿಲ್ಲ, ಕೆಳಕ್ಕೂ ದಾರಿಯಿಲ್ಲ.

ಇನ್ನು ಕರಗುವಿಕೆ. ಗಾಳಿ 35–40 ಡಿಗ್ರಿ ಇರುವ ಕೋಣೆಯಲ್ಲಿ, ಫ್ಯಾನ್ ನಿಲ್ಲಿಸಿದ್ದರೂ, ಸೊನ್ನೆ ಡಿಗ್ರಿಯ ಮಂಜುಗಡ್ಡೆಯ ಮೇಲ್ಮೈಗೆ ಗಾಳಿಯಿಂದಲೂ ವಿಕಿರಣದಿಂದಲೂ ಪ್ರತಿ ಚದರ ಮೀಟರಿಗೆ ಮುನ್ನೂರು, ಮುನ್ನೂರೈವತ್ತು ವಾಟ್ ಶಾಖ ಬರುತ್ತದೆಂದು ಅಂದಾಜು ಮಾಡಬಹುದು. ದ್ರವನದ ಗುಪ್ತೋಷ್ಣ ಕಿಲೋಗ್ರಾಮಿಗೆ 334 ಕಿಲೋಜೂಲ್. ಭಾಗಿಸಿ ನೋಡಿದರೆ ಮೇಲ್ಮೈ ನಿಮಿಷಕ್ಕೆ ಸುಮಾರು 0.07 ಮಿ.ಮೀ. ಹಿಂದೆ ಸರಿಯುತ್ತದೆ. 1 ಕಿ.ಗ್ರಾಂ. ಭಾರದಿಂದಾಗುವ ಪೂರ್ಣ ಇಳಿತದಷ್ಟೇ ಇದು! ಎರಡು ನಿಮಿಷಕ್ಕೊಮ್ಮೆ ಓದಿದಾಗ ಮೈಕ್ರೋಸ್ಕೋಪಿನಲ್ಲಿ ಕಂಡ ಇಳಿತದಲ್ಲಿ ಬಹುಪಾಲು ಬಾಗುವಿಕೆಗೆ ಸೇರಿದ್ದಲ್ಲ. ಇದರ ಜೊತೆಗೆ ಉಕ್ಕಿನ ಕತ್ತಿಯಂಚು ಕೋಣೆಯ ಶಾಖವನ್ನು ನೇರವಾಗಿ ಮಂಜುಗಡ್ಡೆಗೆ ಸಾಗಿಸುತ್ತದೆ. ಪಟ್ಟಿ ಆಧಾರದೊಳಗೆ ತುಸುತುಸುವೇ ಇಳಿಯುತ್ತಿರುತ್ತದೆ. ಭಾರ ತೂಗಿಸಿದ ಕೊಕ್ಕೆಯೂ ಅಷ್ಟೆ.

ಇಷ್ಟನ್ನೆಲ್ಲ ಸರಿಪಡಿಸಬಹುದು. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಪ್ರಯೋಗ ಮಾಡಬಹುದು, ಕತ್ತಿಯಂಚಿಗೆ ಮರದ ತುಂಡು ಬಳಸಬಹುದು, ಇಳಿತವನ್ನು ಕನ್ನಡಿ ಮತ್ತು ಬೆಳಕಿನ ಕಿರಣದಿಂದ ಹಿಗ್ಗಿಸಿ ಓದಬಹುದು. ಕರಗದ ಹಾಗೆ ನೋಡಿಕೊಂಡರೂ ಹುಡುಗಿ ಹೇಳಿದ ಮಾತು ಹಾಗೇ ಉಳಿಯುತ್ತದೆ. ಮಂಜುಗಡ್ಡೆ ಬಾಗುತ್ತಲೇ ಹೋಗುತ್ತದೆ. ಬ್ರಿಟಿಷ್ ಭೌತವಿಜ್ಞಾನಿ ಜಾನ್ ಗ್ಲೆನ್ ಅವರು 1955ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಹಲವು ಹರಳುಗಳುಳ್ಳ ಮಂಜುಗಡ್ಡೆಯ ಹರಿವಿನ ದರ ಪೀಡನದ ಸುಮಾರು ಮೂರನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಹಿಮನದಿಗಳು ಬೆಟ್ಟದಿಂದ ಇಳಿಯುವುದು ಈ ಹರಿವಿನಿಂದಲೇ. ಈ ನಿಯಮವನ್ನು ನಮ್ಮ ಪಟ್ಟಿಗೆ ಅನ್ವಯಿಸಿದರೆ, 1 ಕಿ.ಗ್ರಾಂ. ಭಾರದ ಕೆಳಗೆ, ಕರಗುವ ಉಷ್ಣತೆಗೆ ಹತ್ತಿರದಲ್ಲಿ, ಹತ್ತು ಹದಿನೈದು ನಿಮಿಷಗಳಲ್ಲಿ ಹರಿವಿನಿಂದಾದ ವಿಕೃತಿ ಸ್ಥಿತಿಸ್ಥಾಪಕ ವಿಕೃತಿಯಷ್ಟೇ ಆಗಿಬಿಡುತ್ತದೆ. ಆರಂಭದ ಹರಿವು ಇದಕ್ಕಿಂತ ವೇಗವಾದ್ದರಿಂದ ವಾಸ್ತವದಲ್ಲಿ ಇನ್ನೂ ಬೇಗ.

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಎನ್. ಕೆ. ಸಿನ್ಹಾ ಅವರು 1978ರಲ್ಲಿ ಈ ಬಾಗುವಿಕೆಯನ್ನು ಮೂರು ಪಾಲಾಗಿ ಬಿಡಿಸಿ ತೋರಿಸಿದರು. ಭಾರ ಬಿದ್ದ ಕ್ಷಣವೇ ಆಗುವ, ತೆಗೆದ ಕ್ಷಣವೇ ಹೋಗುವ ಸ್ಥಿತಿಸ್ಥಾಪಕ ವಿಕೃತಿ ಮೊದಲನೆಯದು. ಎರಡನೆಯದು ನಿಧಾನವಾಗಿ ಬಂದು, ಭಾರ ತೆಗೆದ ಮೇಲೆ ನಿಧಾನವಾಗಿಯೇ ಮರಳಿಹೋಗುವುದು. ಹರಳುಗಳ ನಡುವಿನ ಗಡಿಗಳಲ್ಲಿ ಒಂದರ ಮೇಲೊಂದು ತುಸು ಜಾರುವುದರಿಂದ ಇದು ಉಂಟಾಗುತ್ತದೆ. ಮೂರನೆಯದು ಮರಳಿ ಬಾರದ ಹರಿವು. ಭಾರವಿಟ್ಟ ಒಂದು ಸೆಕೆಂಡಿನಲ್ಲಿ ಓದಿದವರಿಗೆ ಒಂದು ಗುಣಾಂಕ, ಐದು ನಿಮಿಷಕ್ಕೆ ಓದಿದವರಿಗೆ ಇನ್ನೊಂದು, ಒಂದು ಗಂಟೆಗೆ ಓದಿದವರಿಗೆ ಮತ್ತೊಂದು ಸಿಗುವುದು ಸಹಜ. ಹಳೆಯ ವರದಿಗಳಲ್ಲಿ 1ರಿಂದ 10ರವರೆಗೆ ಬೆಲೆಗಳು ಹರಡಿಕೊಂಡಿದ್ದಕ್ಕೆ ಮುಖ್ಯ ಕಾರಣ ಇದೇ. ಮಂಜುಗಡ್ಡೆಯ ಸೇತುವೆಯ ಮೇಲೆ ಲಾರಿ ಓಡಿಸುವವನಿಗೂ ಅದೇ ಮಂಜಿನ ಮೇಲೆ ಒಂದು ವಾರ ಲಾರಿ ನಿಲ್ಲಿಸುವವನಿಗೂ ಬೇಕಾದ ಸಂಖ್ಯೆ ಒಂದೇ ಆಗಿರುವುದಿಲ್ಲ. ಚಳಿ ದೇಶಗಳ ಎಂಜಿನಿಯರುಗಳು ಈ ಎರಡನೆಯ ಬಗೆಯ ಬೆಲೆಗೆ ಬೇರೆಯದೇ ಹೆಸರಿಟ್ಟು, ಅದು ನಿಜವಾದ ಸ್ಥಿತಿಸ್ಥಾಪಕ ಗುಣಾಂಕವಲ್ಲ, ಲೆಕ್ಕಕ್ಕೆ ಬಳಸುವ ಪರಿಣಾಮಕ ಗುಣಾಂಕ ಎನ್ನುತ್ತಾರೆ.

ಪಠ್ಯಪುಸ್ತಕಕ್ಕೆ ಕಾಲದ ಪ್ರಶ್ನೆ ಹೊಸದೇನಲ್ಲ ಎಂಬುದನ್ನೂ ಹೇಳಬೇಕು. ಅದೇ ಅಧ್ಯಾಯದ ಕೊನೆಯಲ್ಲಿ ಭೂಮಿಯ ಮೇಲೆ ಬೆಟ್ಟಗಳ ಎತ್ತರ ಸುಮಾರು 10 ಕಿ.ಮೀ. ಮೀರಲಾರದೇಕೆ ಎಂಬ ಸೊಗಸಾದ ಅಂದಾಜಿದೆ. ಬುಡದ ಬಂಡೆ ತನ್ನ ಮಿತಿ ಮೀರಿದ ಪೀಡನದಲ್ಲಿ ಹರಿಯತೊಡಗುತ್ತದೆ ಎಂಬುದೇ ಅದರ ವಾದ. ಅಧ್ಯಾಯದ ಅತ್ಯುತ್ತಮ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಆದರೆ ಆರಂಭದಲ್ಲಿ ಪ್ಲಾಸ್ಟಿಕ್ ಗುಣಕ್ಕೆ ಲಪ್ಪ ಮತ್ತು ಕೆಸರನ್ನು ಉದಾಹರಣೆ ಕೊಟ್ಟು, ಸ್ಥಿತಿಸ್ಥಾಪಕ ಪದಾರ್ಥಗಳು ಒಂದು ಗುಂಪು, ಹರಿಯುವವು ಇನ್ನೊಂದು ಗುಂಪು ಎಂಬ ಚಿತ್ರ ಮೂಡಿಸಿದ ಮೇಲೆ, ಒಂದೇ ಪದಾರ್ಥ ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಗಾಜಿನಂತೆಯೂ ಒಂದು ತಿಂಗಳಲ್ಲಿ ಮೇಣದಂತೆಯೂ ವರ್ತಿಸಬಲ್ಲದು ಎಂಬ ಮಾತು ಎಲ್ಲೂ ಬರುವುದಿಲ್ಲ. ಒಂದು ವಾಕ್ಯ ಸಾಕಿತ್ತು. ಕೋಷ್ಟಕದಲ್ಲಿ ಮಂಜುಗಡ್ಡೆಗೆ ಒಂದು ಸಾಲು ಕೊಟ್ಟು ಅಡಿಟಿಪ್ಪಣಿ ಹಾಕಿದ್ದರೂ ಸಾಕಿತ್ತು.

ಹಾಗಾದರೆ ಕೈಪಿಡಿಯ 9 ಎಲ್ಲಿಂದ ಬಂತು? ಮಂಜುಗಡ್ಡೆಯ ಸ್ಥಿತಿಸ್ಥಾಪಕತೆಯನ್ನು ಅಳೆದ ಮೊದಲಿಗರಲ್ಲೊಬ್ಬರಾದ ಬೆಂಜಮಿನ್ ಬೆವನ್ ತಮ್ಮ ಪ್ರಯೋಗವನ್ನು ಪತ್ರದ ರೂಪದಲ್ಲಿ ಸ್ವತಃ ಥಾಮಸ್ ಯಂಗ್ ಅವರಿಗೇ ಬರೆದು ಕಳಿಸಿದ್ದರು. ಅದು 1826ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಭಾರ ಇಟ್ಟು ನೋಡುವ ವಿಧಾನ ಹೀಗೆ ಎರಡು ಶತಮಾನ ಹಳೆಯದು. ಅದರ ತೊಡಕಿನಿಂದ ಬಿಡುಗಡೆ ಸಿಕ್ಕಿದ್ದು ಅಳತೆಯ ಕಾಲಾವಧಿಯನ್ನು ಚಿಕ್ಕದಾಗಿಸಿದಾಗ. ಪಟ್ಟಿಯನ್ನು ಕಂಪಿಸುವಂತೆ ಮಾಡಿದರೆ ಪೀಡನ ಸೆಕೆಂಡಿಗೆ ಸಾವಿರಾರು ಬಾರಿ ಅತ್ತಿಂದಿತ್ತ ಬದಲಾಗುತ್ತದೆ. ಹರಿಯಲು ಮಂಜುಗಡ್ಡೆಗೆ ಸಮಯವೇ ಸಿಗುವುದಿಲ್ಲ. ಕೆನಡಾದಲ್ಲಿ ನಾರ್ತ್‌ವುಡ್ 1947ರಲ್ಲಿ ಪ್ರಕಟಿಸಿದ ಧ್ವನಿವಿಧಾನದ ಅಳತೆಗಳು ಈ ದಾರಿಯವು. ಹರಡಿಕೊಂಡಿದ್ದ ಬೆಲೆಗಳು ಇಂಥ ಅಳತೆಗಳಲ್ಲಿ ಒಂದೆಡೆ ಬಂದು ಕೂಡಿದವು.

ಮುಂದಿನ ಹೆಜ್ಜೆ ದಿಕ್ಕಿನದು, ಮತ್ತು ಅದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಮಂಜುಗಡ್ಡೆಯ ಒಂದೊಂದು ಹರಳೂ ಷಟ್ಕೋನೀಯ. ಇಂಥ ಹರಳಿಗೆ ಯಂಗ್ ಗುಣಾಂಕ ಎಂಬ ಒಂದು ಸಂಖ್ಯೆ ಸಾಲದು, ಐದು ಸ್ವತಂತ್ರ ಸ್ಥಿತಿಸ್ಥಾಪಕ ಸ್ಥಿರಾಂಕಗಳು ಬೇಕು. ಅವನ್ನು ಜ್ಯೂರಿಚ್‌ನಲ್ಲಿ ಯೋನಾ ಮತ್ತು ಶೆರರ್ 1952ರಲ್ಲಿ ಅಳೆದದ್ದು, ಪಾರದರ್ಶಕ ಹರಳಿನಲ್ಲಿ ಶ್ರವಣಾತೀತ ಧ್ವನಿಯನ್ನು ಹಾಯಿಸಿ, ಅದರ ಮೂಲಕ ಬೆಳಕನ್ನು ಕಳಿಸಿ, ವಿವರ್ತನೆಯಿಂದ ಮೂಡುವ ಚುಕ್ಕೆಗಳ ಚಿತ್ರದಿಂದ. ಧ್ವನಿಯ ಅಲೆಗಳು ಹರಳಿನಲ್ಲಿ ಸಾಂದ್ರತೆಯ ಪಟ್ಟೆಗಳನ್ನು ಉಂಟುಮಾಡುತ್ತವೆ. ಆ ಪಟ್ಟೆಗಳು ಬೆಳಕಿಗೆ ಗ್ರೇಟಿಂಗ್ ಆಗಿ ವರ್ತಿಸುತ್ತವೆ. ಶ್ರವಣಾತೀತ ಧ್ವನಿಯಿಂದ ಬೆಳಕು ಹೀಗೆ ವಿವರ್ತನೆಗೊಳ್ಳುವುದರ ಸಿದ್ಧಾಂತವನ್ನು 1935–36ರಲ್ಲಿ ರೂಪಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್. ರಾಮನ್–ನಾಥ್ ಸಿದ್ಧಾಂತವೆಂದೇ ಅದು ಇಂದಿಗೂ ಪ್ರಸಿದ್ಧ. ರಾಮನ್ ಎಂದರೆ ರಾಮನ್ ಪರಿಣಾಮವೊಂದೇ ಎಂದು ಫೆಬ್ರವರಿ 28ರ ಭಾಷಣಗಳಲ್ಲಿ ಮುಗಿಸಿಬಿಡುವವರು ಈ ಲೇಖನಗಳ ಕಡೆಗೂ ಒಮ್ಮೆ ನೋಡಬೇಕು.

ಹರಳುಗಳ ಸ್ಥಿತಿಸ್ಥಾಪಕ ಸ್ಥಿರಾಂಕಗಳನ್ನು ಶ್ರವಣಾತೀತ ಧ್ವನಿಯಿಂದ ಅಳೆಯುವ ಕೆಲಸದಲ್ಲಿ ರಾಮನ್ ಅವರ ಶಿಷ್ಯ ಎಸ್. ಭಗವಂತಂ ಅವರ ಹೆಸರೂ ಬರುತ್ತದೆ. ವಾಲ್ಟೇರಿನಲ್ಲಿ ಆ ಕೆಲಸ ಮಾಡಿದ ಅವರು ಮುಂದೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಬಂದು 1952ರಿಂದ 1957ರವರೆಗೆ ಅದರ ಕುಲಪತಿಯಾಗಿದ್ದರು. 1956ರ ನವೆಂಬರ್‌ವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದ್ದೇ. ಹುಮನಾಬಾದ್, ಕಲ್ಯಾಣದ ಕಡೆಯ ಹುಡುಗರಿಗೆ ಉನ್ನತ ವ್ಯಾಸಂಗ ಎಂದರೆ ಉಸ್ಮಾನಿಯಾ ಎಂಬ ಕಾಲ ಅದು. ಭಗವಂತಂ ಆಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಒಂದು ಹರಳಿಗೆ ಎಷ್ಟು ಸ್ವತಂತ್ರ ಸ್ಥಿರಾಂಕಗಳು ಎಂಬುದನ್ನು ಅದರ ಸಮ್ಮಿತಿಯಿಂದಲೇ ಎಣಿಸಿ ಹೇಳುವ ವಿಧಾನವನ್ನು ಕಲಿಯಬಯಸುವ ಎಂ.ಎಸ್ಸಿ. ವಿದ್ಯಾರ್ಥಿಗಳು, ಹರಳಿನ ಸಮ್ಮಿತಿ ಮತ್ತು ಭೌತ ಗುಣಗಳ ಬಗ್ಗೆ ಅವರು 1966ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವನ್ನು ಗ್ರಂಥಾಲಯದಲ್ಲಿ ಹುಡುಕಿ ನೋಡಬಹುದು.

ಇಂದು ಹೆಚ್ಚಾಗಿ ಉದ್ಧರಿಸುವ ಬೆಲೆಗಳು ಕೆನಡಾದ ನ್ಯೂಫೌಂಡ್‌ಲೆಂಡಿನಿಂದ 1983ರಲ್ಲಿ ಬಂದವು. ಗ್ಯಾಮನ್, ಕೀಫ್ಟ್ ಮತ್ತು ಕ್ಲೌಟರ್ ಮೊದಲಾದವರು ಬಳಸಿದ್ದು ಬ್ರಿಲ್ವಾಂ ಚದರಿಕೆ. ಇದರಲ್ಲಿ ಹೊರಗಿನಿಂದ ಧ್ವನಿ ಕೊಡುವುದೇ ಬೇಡ. ಹರಳಿನೊಳಗೆ ಶಾಖದಿಂದ ಸದಾ ಇರುವ ಧ್ವನಿ ಅಲೆಗಳೇ ಲೇಸರ್ ಬೆಳಕನ್ನು ಚದರಿಸಿ ಅದರ ಆವೃತ್ತಿಯನ್ನು ತುಸು ಬದಲಿಸುತ್ತವೆ. ಬೆಂಗಳೂರಿನಲ್ಲಿ ಆರ್. ಎಸ್. ಕೃಷ್ಣನ್ 1940ರ ದಶಕದಲ್ಲೇ ವಜ್ರದಂಥ ಹರಳುಗಳಲ್ಲಿ, ಲೇಸರ್ ಇಲ್ಲದ ಕಾಲದಲ್ಲಿ, ಪಾದರಸದ ದೀಪದಿಂದ ಈ ಚದರಿಕೆಯನ್ನು ದಾಖಲಿಸಿದ್ದರು. ನ್ಯೂಫೌಂಡ್‌ಲೆಂಡಿನವರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಹರಳನ್ನಷ್ಟೇ ಅಲ್ಲದೆ ಹಿಮನದಿಯ, ಸರೋವರದ, ಸಮುದ್ರದ ಮಂಜುಗಡ್ಡೆಯ ತಿಳಿ ಹರಳುಗಳನ್ನೂ ತೆಗೆದುಕೊಂಡರು. ಅವುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. −16 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವರ ಐದು ಸ್ಥಿರಾಂಕಗಳು ಗಿಗಾಪಾಸ್ಕಲಿನಲ್ಲಿ 13.93, 7.08, 5.76, 15.01 ಮತ್ತು 3.01. ಇವುಗಳಿಂದ ಲೆಕ್ಕ ಹಾಕಿದರೆ ಹರಳಿನ ಮುಖ್ಯ ಅಕ್ಷದ ಉದ್ದಕ್ಕೆ ಯಂಗ್ ಗುಣಾಂಕ ಸುಮಾರು 11.8, ಅದಕ್ಕೆ ಲಂಬವಾಗಿ 9.7, ನಡುವೆ 45 ಡಿಗ್ರಿ ಓರೆಯಲ್ಲಿ 8.4. ಹರಳುಗಳು ಎಲ್ಲ ದಿಕ್ಕಿಗೂ ಮುಖ ಮಾಡಿ ಬೆರೆತಿರುವ ಸಾಮಾನ್ಯ ಮಂಜುಗಡ್ಡೆಗೆ ಸರಾಸರಿ 9.3. ದೃಢತಾ ಗುಣಾಂಕ 3.5, ಗಾತ್ರ ಗುಣಾಂಕ 8.9.

ಈ ಅಳತೆಯಲ್ಲಿ ಧ್ವನಿಯ ಆವೃತ್ತಿ ಸೆಕೆಂಡಿಗೆ ಸಾವಿರ ಕೋಟಿಯ ಮಟ್ಟದ್ದು. ಬಡಿದ ಪಟ್ಟಿಯಲ್ಲಿ ಅದು ಸೆಕೆಂಡಿಗೆ ಕೆಲವು ಸಾವಿರ ಮಾತ್ರ. ನಡುವೆ ಇಷ್ಟೊಂದು ಅಂತರವಿದ್ದರೂ ಎರಡೂ ಹೆಚ್ಚುಕಡಿಮೆ ಒಂದೇ ಗುಣಾಂಕವನ್ನು ಕೊಡುತ್ತವೆ. ಅತ್ತ ಸೆಕೆಂಡಿನಿಂದ ನಿಮಿಷಕ್ಕೆ ಬಂದರೆ ಸಾಕು, ಗುಣಾಂಕ ಜಾರತೊಡಗುತ್ತದೆ. ಕೋಷ್ಟಕದ 9 ಎಂಬುದರ ಅರ್ಥ ಇಷ್ಟೇ: ಹರಿಯಲು ಸಮಯ ಕೊಡದಿದ್ದಾಗ ಮಂಜುಗಡ್ಡೆ ತೋರುವ ಬಿಗಿತ. ಐದು ನಿಮಿಷ ಭಾರ ಹೊತ್ತ ಪಟ್ಟಿಯ ಬೆಲೆಯನ್ನು ಅದರೊಡನೆ ಹೋಲಿಸಿ ಶೇಕಡಾ 90 ದೋಷ ಎನ್ನುವುದು ಎರಡು ಬೇರೆ ರಾಶಿಗಳನ್ನು ಕಳೆದು ಶೇಕಡಾವಾರು ತೆಗೆದಂತೆ. ಆ ತಂಡದ ಅಳತೆಯಲ್ಲಿ ಕರಗುವಿಕೆಯ ದೋಷ ಇತ್ತು, ಅದಕ್ಕೆ ಅಂಕ ಹೋಗಲಿ. ಆದರೆ ಕಾಲದೊಡನೆ ಬೆಲೆ ಬದಲಾಗುತ್ತದೆಂದು ಗಮನಿಸಿ, ಪುಸ್ತಕಕ್ಕೆ ಹೊಂದುವಂತೆ ತಿದ್ದದೆ ಬರೆದದ್ದಕ್ಕೆ ಮೌಲ್ಯಮಾಪನದ ಹಾಳೆಯಲ್ಲಿ ಒಂದು ಕಾಲಮ್ಮೇ ಇರಲಿಲ್ಲ. ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲೂ ಇಂಥ ಕಾಲಮ್ಮು ನನಗೆ ಕಂಡಿಲ್ಲ. ಫಲಿತಾಂಶ ಪುಸ್ತಕದ ಬೆಲೆಗೆ ಎಷ್ಟು ಹತ್ತಿರ ಎಂಬುದಕ್ಕೆ ಮಾತ್ರ ತಪ್ಪದೆ ಇರುತ್ತದೆ.

ಅಲೆಗಳಿಂದ ಬಿಗಿತವನ್ನು ಅಳೆಯುವುದು ಈ ಭಾಗದವರಿಗೆ ಅಪರಿಚಿತ ವಿಷಯವೇನಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪ ಬಸವಕಲ್ಯಾಣದ ಸೀಮೆಯನ್ನೂ ಅಲುಗಿಸಿತ್ತು. ಅಲ್ಲಿ ಸುಮಾರು 10 ಸಾವಿರ ಜನ ತೀರಿಕೊಂಡರು. ಭೂಕಂಪದಲ್ಲಿ ಮೊದಲು ತಲಪುವುದು ನೀಳ ಅಲೆ, ಆಮೇಲೆ ಅಡ್ಡ ಅಲೆ. ಎರಡರ ವೇಗ ಮತ್ತು ಶಿಲೆಯ ಸಾಂದ್ರತೆ ಗೊತ್ತಾದರೆ ನಮ್ಮ ಕಾಲಕೆಳಗಿನ ಕಪ್ಪುಶಿಲೆಯ ಸ್ಥಿತಿಸ್ಥಾಪಕ ಗುಣಾಂಕಗಳನ್ನು ಅದನ್ನು ಮುಟ್ಟದೆಯೇ ಹೇಳಬಹುದು. ಮಂಜುಗಡ್ಡೆಯಲ್ಲಿ ನೀಳ ಅಲೆಯ ವೇಗ ಸೆಕೆಂಡಿಗೆ ಸುಮಾರು 3,850 ಮೀಟರ್, ಅಡ್ಡ ಅಲೆಯದು 1,950. ಹಿಮನದಿಯ ಮೇಲೆ ಸಣ್ಣ ಸ್ಫೋಟ ಮಾಡಿ, ತಳದ ಬಂಡೆಯಿಂದ ಮರಳಿ ಬರುವ ಅಲೆಯ ಸಮಯದಿಂದ ಅದರ ದಪ್ಪವನ್ನು ಅಳೆಯುವುದು ಈ ವೇಗಗಳ ಬಲದಿಂದಲೇ. ಆಲ್ಫ್ರೆಡ್ ವೆಗೆನರ್ ಅವರು ಕೊನೆಯುಸಿರೆಳೆದ 1930–31ರ ಗ್ರೀನ್‌ಲೆಂಡ್ ಸಂಶೋಧನಾ ಯಾತ್ರೆಯಲ್ಲಿ ಈ ವಿಧಾನ ಬಳಕೆಯಾಯಿತು.

ನಮ್ಮ ಕಾಲೇಜುಗಳಲ್ಲಿ ಸ್ಫೋಟವೂ ಬೇಡ, ಲೇಸರೂ ಬೇಡ. ಪಟ್ಟಿಯನ್ನು ಬಾಗಿಸುವ ಬದಲು ಅದರ ತುದಿಗೆ ಬಡಿಯಬೇಕು. 40 ಸೆಂ.ಮೀ. ಉದ್ದದ ಪಟ್ಟಿಯ ನಟ್ಟನಡುವಿಗೆ ಮಾತ್ರ ಸ್ಪಂಜಿನ ಆಧಾರ ಕೊಟ್ಟು, ಒಂದು ತುದಿಗೆ ಉದ್ದದ ದಿಕ್ಕಿನಲ್ಲಿ ಸಣ್ಣ ಉಕ್ಕಿನ ಗುಂಡಿನಿಂದ ತಟ್ಟಿ. ಇನ್ನೊಂದು ತುದಿಯ ಹತ್ತಿರ ಮೊಬೈಲ್ ಫೋನ್ ಹಿಡಿದು, ಧ್ವನಿಯ ಆವೃತ್ತಿಗಳನ್ನು ಬಿಡಿಸಿ ತೋರಿಸುವ ಯಾವುದಾದರೂ ಉಚಿತ ಆ್ಯಪ್‌ನಲ್ಲಿ ನೋಡಿ. 4,000 ಹರ್ಟ್ಸ್‌ನ ಸಮೀಪದಲ್ಲಿ ಒಂದು ಚೂಪು ಶಿಖರ ಕಾಣಬೇಕು. ಆ ಆವೃತ್ತಿಯನ್ನು ಉದ್ದದ ಎರಡರಷ್ಟರಿಂದ ಗುಣಿಸಿದರೆ ಪಟ್ಟಿಯಲ್ಲಿ ಧ್ವನಿಯ ವೇಗ. ಅದರ ವರ್ಗವನ್ನು ಸಾಂದ್ರತೆಯಿಂದ ಗುಣಿಸಿದರೆ ಯಂಗ್ ಗುಣಾಂಕ. ತಟ್ಟಿದ್ದು ಓರೆಯಾದರೆ 400 ಹರ್ಟ್ಸ್‌ನ ಹತ್ತಿರ ಇನ್ನೊಂದು ಶಿಖರ ಬರುತ್ತದೆ. ಅದು ಪಟ್ಟಿ ಬಾಗಿ ಕಂಪಿಸುವುದರಿಂದ ಬಂದದ್ದು. ಅದರಿಂದಲೂ ಗುಣಾಂಕ ತೆಗೆಯಬಹುದು, ಆದರೆ ಅದು ದಪ್ಪವನ್ನು ಅವಲಂಬಿಸಿದೆ, ದಪ್ಪ ಕರಗುತ್ತಿರುತ್ತದೆ. ಉದ್ದದ ಕಂಪನದ ಚೆಂದ ಇರುವುದು ಇಲ್ಲೇ. ಅದರ ಆವೃತ್ತಿಯಲ್ಲಿ ಅಗಲವೂ ಇಲ್ಲ, ದಪ್ಪವೂ ಇಲ್ಲ. ಪಟ್ಟಿ ನಿಮಿಷಕ್ಕೆ ಪ್ರತಿ ಮುಖದಿಂದ 0.07 ಮಿ.ಮೀ. ಕರಗಿದರೂ 400 ಮಿ.ಮೀ. ಉದ್ದದಲ್ಲಿ ಅದು ಲೆಕ್ಕಕ್ಕೆ ಬಾರದು. ಬೀದರ್ ಬಿಸಿಲಿಗೆ ಹೇಳಿ ಮಾಡಿಸಿದ ವಿಧಾನ.

ಎಚ್ಚರಿಕೆಗಳು ಕೆಲವಿವೆ. ಐಸ್ ಕಾರ್ಖಾನೆಯ ಗಡ್ಡೆಯಿಂದ ಪಟ್ಟಿ ಕೊಯ್ದರೆ ಅದರ ನಡುವಿನ ಬಿಳಿ ಭಾಗ ಬೇಡ. ನೀರು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುವಾಗ ಕರಗಿದ ಗಾಳಿಯೂ ಲವಣವೂ ನಡುವಿಗೆ ತಳ್ಳಲ್ಪಡುವುದರಿಂದ ಅಲ್ಲಿ ಗುಳ್ಳೆಗಳು ತುಂಬಿರುತ್ತವೆ, ಗುಣಾಂಕ ಕಡಿಮೆ ಬರುತ್ತದೆ. ಕುದಿಸಿ ಆರಿಸಿದ ನೀರನ್ನು ಅಚ್ಚಿಗೆ ಹಾಕಿ, ಅಚ್ಚಿನ ತಳ ಮತ್ತು ಬದಿಗಳಿಗೆ ಥರ್ಮೋಕೋಲ್ ಸುತ್ತಿ, ಮೇಲಿನಿಂದ ಮಾತ್ರ ಹೆಪ್ಪುಗಟ್ಟುವಂತೆ ಮಾಡಿದರೆ ತಿಳಿಯಾದ ಪಟ್ಟಿ ಸಿಗುತ್ತದೆ. ಫ್ರೀಜರಿನಿಂದ ತೆಗೆದೊಡನೆ ಸೀಳಿದ ಪಟ್ಟಿಗಳನ್ನು ಬಿಟ್ಟುಬಿಡಬೇಕು. ಸಾಂದ್ರತೆಯನ್ನು ಪುಸ್ತಕದಿಂದ ತೆಗೆದುಕೊಳ್ಳದೆ ತೂಕ ಮತ್ತು ಅಳತೆಗಳಿಂದ ಕಂಡುಕೊಳ್ಳುವುದು ಒಳ್ಳೆಯದು. ಹರಳುಗಳು ದೊಡ್ಡದಾಗಿ ಬೆಳೆದ ಪಟ್ಟಿಯಲ್ಲಿ ಸರಾಸರಿ ಸರಿಯಾಗಿ ಆಗಿರುವುದಿಲ್ಲ. ಆದ್ದರಿಂದ ಎರಡು ಒಳ್ಳೆಯ ಪಟ್ಟಿಗಳು 8.8 ಮತ್ತು 9.6 ಕೊಟ್ಟರೆ ಎರಡನ್ನೂ ಬರೆಯಬೇಕು. ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಪಟ್ಟಿಯ ತೆಳು ಬಿಲ್ಲೆಯನ್ನು ಹಿಡಿದು ನೋಡಿದರೆ ಹರಳುಗಳು ಬಣ್ಣಬಣ್ಣವಾಗಿ ಕಾಣುತ್ತವೆ, ಅವುಗಳ ಗಾತ್ರವೂ ತಿಳಿಯುತ್ತದೆ.

ಇದೇ ಪಟ್ಟಿಯಿಂದ ಮೂರನೆಯ ಪ್ರಶ್ನೆಗೂ, ಅಂದರೆ ಉಷ್ಣತೆಗೂ, ಉತ್ತರ ತೆಗೆಯಬಹುದು. ಗ್ಯಾಮನ್ ಮತ್ತು ಸಂಗಡಿಗರ ಪ್ರಕಾರ ಮಂಜುಗಡ್ಡೆಯ ಸ್ಥಿತಿಸ್ಥಾಪಕ ಸ್ಥಿರಾಂಕಗಳು ಪ್ರತಿ ಡಿಗ್ರಿ ಏರಿಕೆಗೆ ಸುಮಾರು ಶೇಕಡಾ 0.14 ಕಡಿಮೆಯಾಗುತ್ತವೆ. ಫ್ರೀಜರಿನ −18 ಡಿಗ್ರಿಯಿಂದ ಹೊರಬಂದ ಪಟ್ಟಿ ಕೋಣೆಯಲ್ಲಿ ಸೊನ್ನೆ ಡಿಗ್ರಿಗೆ ಬರಲು ಹತ್ತು ನಿಮಿಷದಷ್ಟು ಹಿಡಿಯುತ್ತದೆ. ಅಷ್ಟರಲ್ಲಿ 4,000 ಹರ್ಟ್ಸ್‌ನ ಹತ್ತಿರದ ಶಿಖರ 40ರಿಂದ 50 ಹರ್ಟ್ಸ್ ಕೆಳಗಿಳಿಯಬೇಕು. ಮೊಬೈಲ್ ಫೋನಿನಲ್ಲಿ ಒಂದೆರಡು ಹರ್ಟ್ಸ್ ವ್ಯತ್ಯಾಸವೂ ಕಾಣುತ್ತದೆ. ಪಟ್ಟಿ ಹೆಪ್ಪುಗಟ್ಟುವಾಗಲೇ ಅದರೊಳಗೆ ತೆಳುವಾದ ಉಷ್ಣಮಾಪಕದ ತಂತಿಯೊಂದನ್ನು ಹುದುಗಿಸಿಟ್ಟು, ನಿಮಿಷಕ್ಕೊಮ್ಮೆ ತಟ್ಟಿ, ಉಷ್ಣತೆಗೆ ಎದುರಾಗಿ ಆವೃತ್ತಿಯ ನಕ್ಷೆ ಎಳೆಯಬಹುದು. ಸೊನ್ನೆ ಡಿಗ್ರಿ ಮುಟ್ಟಿ ಮೈಮೇಲೆ ನೀರು ಕಾಣಿಸಿಕೊಂಡ ಮೇಲೆ ಆ ಗೆರೆ ನಿಲ್ಲುತ್ತದೋ ಇಳಿಯುತ್ತಲೇ ಹೋಗುತ್ತದೋ, ಗುಳ್ಳೆಯುಳ್ಳ ಪಟ್ಟಿಯಲ್ಲೂ ತಿಳಿ ಪಟ್ಟಿಯಲ್ಲೂ ಒಂದೇ ಬಗೆಯೋ ಎಂಬುದನ್ನು ಹುಮನಾಬಾದಿನ ಅಥವಾ ಬಸವಕಲ್ಯಾಣದ ಯಾವುದಾದರೂ ಕಾಲೇಜಿನ ವಿದ್ಯಾರ್ಥಿಗಳು ಮಾಡಿ ನೋಡಿ, ಬಂದ ಸಂಖ್ಯೆಗಳನ್ನು ಬಂದ ಹಾಗೆಯೇ ಈ ಪತ್ರಿಕೆಗೆ ಬರೆದು ಕಳಿಸಲಿ.